ಸಾಲ ಮಾಡಿ ತಂದ ನಾಲ್ಕು ಹಾಡು: ಬಝ್‌ಕಾಕ್ಸ್ ಬ್ಯಾಂಡಿನ ಮೊದಲ ದಿನಗಳು

ರೆಕಾರ್ಡಿನ ಕವರ್ ಮೇಲೆ ಸಾಮಾನ್ಯವಾಗಿ ಏನಿರುತ್ತದೆ? ಹಾಡುಗಳ ಹೆಸರು, ಬ್ಯಾಂಡಿನ ಹೆಸರು, ಕಂಪನಿಯ ಗುರುತು. 1977ರ ಜನವರಿ 29ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ಹೊರಬಂದ ಬಝ್‌ಕಾಕ್ಸ್ ಬ್ಯಾಂಡಿನ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಏಳಿಂಚಿನ ರೆಕಾರ್ಡಿನ ಕವರ್ ಮೇಲೆ ಇನ್ನೂ ಒಂದು ವಿಷಯ ಇತ್ತು. ಯಾವ ಹಾಡು ಎಷ್ಟನೇ ಟೇಕ್, ಅಂದರೆ ಎಷ್ಟನೇ ಸಲ ನುಡಿಸಿದ್ದು, ಆಮೇಲೆ ಅದಕ್ಕೆ ಏನಾದರೂ ಸೇರಿಸಿದ್ದಾರಾ ಅಂತ ಬರೆದಿತ್ತು. ‘ಬ್ರೇಕ್‌ಡೌನ್’ ಮೂರನೇ ಟೇಕ್, ಮೇಲೆ ಏನೂ ಸೇರಿಸಿಲ್ಲ. ಉಳಿದ ಮೂರು ಹಾಡು ಮೊದಲನೇ ಟೇಕ್, ಆಮೇಲೆ ಒಂದು ಗಿಟಾರ್ ಸೇರಿಸಿದೆ. ಅಡುಗೆ ಬಡಿಸುತ್ತಲೇ ಮಾಡುವ ಬಗೆಯನ್ನೂ ಹೇಳಿಕೊಟ್ಟ ಹಾಗೆ.

ಬಝ್‌ಕಾಕ್ಸ್ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ಪುಟ್ಟ ವಿವರ. ಅಲ್ಲಿಗೆ ಅವರು ಬಂದದ್ದು ಹೇಗೆ ಅಂತ ನೋಡಬೇಕಾದರೆ ಸುಮಾರು ಒಂದು ವರ್ಷ ಹಿಂದೆ ಹೋಗಬೇಕು.

ಮ್ಯಾಂಚೆಸ್ಟರ್ ಪಕ್ಕದ ಬೋಲ್ಟನ್‌ನಲ್ಲಿ ಒಂದು ತಾಂತ್ರಿಕ ಕಾಲೇಜು. ಅಲ್ಲಿ ಓದುತ್ತಿದ್ದ ಹೊವರ್ಡ್ ಟ್ರಾಫರ್ಡ್ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ. ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ‘ಸಿಸ್ಟರ್ ರೇ’ ಹಾಡು ನುಡಿಸಲು ಜೊತೆಗಾರರು ಬೇಕು ಅಂತ. ಆ ಚೀಟಿ ನೋಡಿ ಬಂದವನು ಪೀಟರ್ ಮ್ಯಾಕ್‌ನೀಶ್. ಮುಂದೆ ಇಬ್ಬರೂ ಹೆಸರು ಬದಲಿಸಿಕೊಂಡರು. ಒಬ್ಬ ಹೊವರ್ಡ್ ಡಿವೋಟೊ ಆದ, ಇನ್ನೊಬ್ಬ ಪೀಟ್ ಶೆಲ್ಲಿ.

1976ರ ಫೆಬ್ರವರಿಯಲ್ಲಿ ಅವರು ಒಂದು ಸಂಗೀತ ಪತ್ರಿಕೆಯಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ಲಂಡನ್ ಬ್ಯಾಂಡಿನ ಬಗ್ಗೆ ಓದಿದರು. ಇನ್ನೊಬ್ಬರ ಕಾರು ಕೇಳಿ ಪಡೆದು ದಕ್ಷಿಣಕ್ಕೆ ಹೊರಟೇಬಿಟ್ಟರು. ಎರಡು ಸಂಜೆ, ಎರಡು ಊರಿನಲ್ಲಿ ಆ ಬ್ಯಾಂಡಿನ ಕಾರ್ಯಕ್ರಮ ನೋಡಿದರು. ಅದೇ ಓಡಾಟದಲ್ಲಿ ಕೈಗೆ ಸಿಕ್ಕ ಇನ್ನೊಂದು ಪತ್ರಿಕೆಯ ತಲೆಬರಹದಿಂದ ತಮ್ಮ ಬ್ಯಾಂಡಿಗೆ ಹೆಸರನ್ನೂ ಹುಡುಕಿಕೊಂಡರು. ‘ಬಝ್’ ಅಂದರೆ ಆ ಹೊತ್ತಿನ ಗುಂಗು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ‘ಕಾಕ್’ ಅಂದರೆ ಗೆಳೆಯ.

ಊರಿಗೆ ಬಂದವರು ಸುಮ್ನೆ ಕೂರಲಿಲ್ಲ. ಮ್ಯಾಂಚೆಸ್ಟರ್‌ನ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಗೊತ್ತುಮಾಡಿ ಸೆಕ್ಸ್ ಪಿಸ್ಟಲ್ಸನ್ನು ತಾವೇ ಕರೆಸಿದರು. 1976ರ ಜೂನ್ 4, ಟಿಕೆಟ್ 50 ಪೆನ್ಸ್. ಅಂದು ತಾವೂ ನುಡಿಸಬೇಕು ಅಂತಿತ್ತು. ಆದರೆ ಬೇಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸಬೇಕಾಗಿದ್ದವರು ಕೈಕೊಟ್ಟರು. ಬಂದ ಜನವೂ ಜಾಸ್ತಿ ಇರಲಿಲ್ಲ. ಆ ಕೆಲವರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಇದ್ದರು. ಮುಂದೆ ಜಾಯ್ ಡಿವಿಷನ್ ಎಂಬ ಬ್ಯಾಂಡ್ ಕಟ್ಟಿದವರು ಇವರೇ.

ಬೇಸ್ ನುಡಿಸುವವನು ಸಿಕ್ಕಿದ್ದೂ ಆ ಸಂಜೆಯೇ. ಸ್ಟೀವ್ ಡಿಗಲ್ ಎಂಬ ಹುಡುಗ ಬೇರೆ ಯಾರನ್ನೋ ಕಾಯುತ್ತಾ ಹಾಲ್ ಹೊರಗೆ ನಿಂತಿದ್ದ. ಅವನೂ ಒಂದು ಬ್ಯಾಂಡ್ ಕಟ್ಟುವ ಮಾತಿಗೇ ಬಂದಿದ್ದ. ಬಾಗಿಲಲ್ಲಿದ್ದ ಪಿಸ್ಟಲ್ಸ್ ಮ್ಯಾನೇಜರ್ ಮಾಲ್ಕಮ್ ಮ್ಯಾಕ್‌ಲಾರೆನ್, ಶೆಲ್ಲಿ ಕಾಯುತ್ತಿರುವುದು ಇವನನ್ನೇ ಅಂದುಕೊಂಡು ಒಳಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ. ಡ್ರಮ್ಸ್‌ಗೆ 16 ವರ್ಷದ ಜಾನ್ ಮಾಹರ್ ಬಂದ. ಜುಲೈ 20ರಂದು ಪಿಸ್ಟಲ್ಸ್ ಅದೇ ಹಾಲ್‌ಗೆ ಮತ್ತೆ ಬಂದಾಗ ಈ ನಾಲ್ವರು ವೇದಿಕೆ ಹತ್ತಿದರು. ಪೂರಾ ಬ್ಯಾಂಡಾಗಿ ಅವರು ನಿಂತದ್ದು ಅಂದು.

ರೆಕಾರ್ಡ್ ಮಾಡುವುದು ಹೇಗೆ? ನಿಜವಾದ ಕಷ್ಟ ಅಲ್ಲಿತ್ತು. ದೊಡ್ಡ ಕಂಪನಿಗಳೆಲ್ಲ ಲಂಡನ್‌ನಲ್ಲಿ. ಸ್ಟುಡಿಯೋ ಬಾಡಿಗೆ, ಅಚ್ಚು, ಕವರ್, ಅಂಗಡಿಗೆ ತಲುಪಿಸುವುದು, ಎಲ್ಲ ಅವರ ಕೈಯಲ್ಲಿ. ಅವರು ಬಂದು ಕೇಳುವ ತನಕ ಬ್ಯಾಂಡ್ ಕಾಯಬೇಕು. ಸಾಲದ್ದಕ್ಕೆ 1976ರ ಡಿಸೆಂಬರ್ 1ರಂದು ಪಿಸ್ಟಲ್ಸ್ ಟಿವಿಯಲ್ಲಿ ಬೈಗುಳ ಆಡಿ ದೊಡ್ಡ ಗಲಾಟೆ ಆಯಿತು. ಅವರ ಪ್ರವಾಸದ ಬಹುಪಾಲು ಕಾರ್ಯಕ್ರಮಗಳು ರದ್ದಾದವು. ಪಂಕ್ ಅನ್ನುವ ಈ ಒರಟು, ವೇಗದ ಹೊಸ ರಾಕ್ ಸಂಗೀತ ಇನ್ನು ಎಷ್ಟು ದಿನವೋ ಅನ್ನುವ ಹಾಗಿತ್ತು. ಮುಗಿದುಹೋಗುವ ಮೊದಲು ನಾವೂ ಇದ್ದೆವು ಅನ್ನುವುದಕ್ಕೆ ಒಂದು ಗುರುತು ಬೇಕಿತ್ತು.

ಸ್ನೇಹಿತರಿಂದ, ಮನೆಯವರಿಂದ ಸಾಲ ಎತ್ತಿದರು. ಒಟ್ಟು 500 ಪೌಂಡ್. ಡಿಸೆಂಬರ್ 28ರಂದು ಮ್ಯಾಂಚೆಸ್ಟರ್‌ನ ಇಂಡಿಗೊ ಸ್ಟುಡಿಯೋಗೆ ಹೋದರು. ಧ್ವನಿ ನೋಡಿಕೊಂಡವನು ಮಾರ್ಟಿನ್ ಹ್ಯಾನೆಟ್. ಆಗ ಅವನು ಮಾರ್ಟಿನ್ ಝೀರೋ ಅಂತ ಹೆಸರು ಹಾಕಿಕೊಳ್ಳುತ್ತಿದ್ದ. ನಾಲ್ಕು ಹಾಡು ನುಡಿಸಲು ಮೂರು ಗಂಟೆ, ಮಿಕ್ಸ್ ಮಾಡಲು ಎರಡು ಗಂಟೆ. ಐದು ಗಂಟೆಯಲ್ಲಿ ಕೆಲಸ ಮುಗಿಯಿತು.

ಆ ಆತುರ ಹಾಡುಗಳಲ್ಲಿ ಈಗಲೂ ಕೇಳಿಸುತ್ತದೆ. ‘ಬೋರ್‌ಡಮ್’ ಹಾಡಿನ ಗಿಟಾರ್ ಸೋಲೋದಲ್ಲಿ ಇರುವುದು ಎರಡೇ ಸ್ವರ. ಶೆಲ್ಲಿ ಅವನ್ನೇ ಮತ್ತೆ ಮತ್ತೆ ಬಾರಿಸುತ್ತಾನೆ. ಬೇಸರದ ಬಗೆಗಿನ ಹಾಡಿಗೆ ಅದಕ್ಕಿಂತ ಸರಿಯಾದ ಸೋಲೋ ಇನ್ನೊಂದು ಇರಲಾರದು. ಗಿಟಾರ್ ಹಿಡಿದು ಒಂದು ವಾರ ಆದವರೂ ಅದನ್ನು ನುಡಿಸಬಹುದು. ಆದರೆ ಹಾಗೆ ನುಡಿಸಿದರೆ ಸಾಕು ಅಂತ ಮೊದಲು ಹೊಳೆಯಬೇಕಲ್ವಾ?

ರೆಕಾರ್ಡ್ ಹೊರತರಲು ತಾವೇ ಮಾಡಿಕೊಂಡ ಲೇಬಲ್‌ಗೆ ‘ನ್ಯೂ ಹಾರ್ಮೋನ್ಸ್’ ಅಂತ ಹೆಸರಿಟ್ಟರು. ಕವರ್‌ಗೆ ಬ್ಯಾಂಡಿನ ಮ್ಯಾನೇಜರ್ ರಿಚರ್ಡ್ ಬೂನ್ ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದ ಫೋಟೋ. ಊರ ನಡುವಿನ ಪಿಕಡಿಲಿಯಲ್ಲಿ ಒಂದು ಪ್ರತಿಮೆಯ ಬುಡದಲ್ಲಿ ನಾಲ್ವರು ನಿಂತಿದ್ದಾರೆ. ಮೊದಲು ಹಾಕಿಸಿದ್ದು 1,000 ಪ್ರತಿ. ಅಷ್ಟೂ ಬೇಗ ಖಾಲಿಯಾದವು. ಅಂಚೆಯಲ್ಲಿ ಕಳಿಸಿದರು, ಊರಿನ ವರ್ಜಿನ್ ಅಂಗಡಿಯೂ ಕೈಜೋಡಿಸಿತು. ಕೊನೆಗೆ ಮಾರಾಟ 16,000ಕ್ಕೆ ಹೋಯಿತು.

ಇಲ್ಲಿ ಒಂದು ಮಾತು. ಸ್ವಂತ ದುಡ್ಡಿನಲ್ಲಿ ರೆಕಾರ್ಡ್ ಹಾಕಿದವರಲ್ಲಿ ಇವರೇ ಮೊದಲಿಗರು ಅಂತ ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ದಿ ಸೇಂಟ್ಸ್ 1976ರಲ್ಲೇ ಆ ಕೆಲಸ ಮಾಡಿದ್ದರು. ಬ್ರಿಟನ್ನಿನ ಪಂಕ್ ಬ್ಯಾಂಡುಗಳಲ್ಲಿ ಮಾತ್ರ ಈ ದಾರಿ ತೋರಿಸಿದವರು ಬಝ್‌ಕಾಕ್ಸ್. ಆ ಟೇಕ್ ಲೆಕ್ಕ ಮುಖ್ಯವಾಗುವುದು ಇಲ್ಲೇ. ರೆಕಾರ್ಡ್ ಅನ್ನುವುದು ಎಲ್ಲೋ ದೂರದಲ್ಲಿ, ದೊಡ್ಡವರು ಮಾಡುವ ಮಾಯೆಯಲ್ಲ, ಒಂದು ಕೆಲಸ ಅಂತ ಆ ಕವರ್ ಹೇಳುತ್ತಿತ್ತು.

ಬ್ಯಾಂಡ್ ಮಾತ್ರ ಹಾಗೇ ಉಳಿಯಲಿಲ್ಲ. ರೆಕಾರ್ಡ್ ಬಂದ ಕೆಲವೇ ದಿನಗಳಲ್ಲಿ ಡಿವೋಟೊ ಹೊರಟುಹೋದ. ಪಂಕ್ ಆಗಲೇ ಹಳತಾಗುತ್ತಿದೆ ಅಂತ ಅವನಿಗೆ ಅನ್ನಿಸಿತ್ತು. ಮುಂದೆ ಮ್ಯಾಗಝೀನ್ ಎಂಬ ಬ್ಯಾಂಡ್ ಕಟ್ಟಿದ. ಇತ್ತ ಶೆಲ್ಲಿ ಹಾಡಲು ಶುರುಮಾಡಿದ, ಡಿಗಲ್ ಬೇಸ್ ಬಿಟ್ಟು ಗಿಟಾರ್ ಹಿಡಿದ. 1977ರ ಆಗಸ್ಟ್ 16ರಂದು, ಎಲ್ವಿಸ್ ಪ್ರೆಸ್ಲಿ ತೀರಿಕೊಂಡ ದಿನವೇ, ಅವರು ಯುನೈಟೆಡ್ ಆರ್ಟಿಸ್ಟ್ಸ್ ಎಂಬ ದೊಡ್ಡ ಕಂಪನಿಗೆ ಸಹಿ ಹಾಕಿದರು.

ಇದನ್ನು ಸೋಲು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಂಪನಿ ಇಲ್ಲದೆಯೇ ಬದುಕುತ್ತೇವೆ ಅಂತ ಅವರು ಶಪಥ ಮಾಡಿರಲಿಲ್ಲ. ಯಾರೂ ಕೇಳದಿದ್ದಾಗ ಕಾಯಲಿಲ್ಲ, ಅಷ್ಟೇ. ದೊಡ್ಡ ಕಂಪನಿಗೆ ಹೋದ ಮೇಲೂ ಕವರ್‌ಗಳನ್ನು ಮ್ಯಾಂಚೆಸ್ಟರ್‌ನ ವಿದ್ಯಾರ್ಥಿ ಮಾಲ್ಕಮ್ ಗ್ಯಾರೆಟ್ ಕೈಯಲ್ಲಿ ಮಾಡಿಸಿದರು. 1979ರಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಮತ್ತೆ ಅಚ್ಚಾಯಿತು, ಅದೂ ನ್ಯೂ ಹಾರ್ಮೋನ್ಸ್ ಹೆಸರಲ್ಲೇ. ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ 31ನೇ ಸ್ಥಾನಕ್ಕೆ ಏರಿತು.

ಅಷ್ಟರಲ್ಲಿ ಆ ಕವರ್‌ನ ಪಾಠ ಬೇರೆಯವರ ಕೈಗೂ ಹೋಗಿತ್ತು. ಲಂಡನ್‌ನ ಡೆಸ್ಪರೇಟ್ ಬೈಸಿಕಲ್ಸ್ 1977ರಲ್ಲೇ ತಾವೇ ರೆಕಾರ್ಡ್ ಹಾಕಿ, ಇದು ಸುಲಭ, ಅಗ್ಗ, ನೀವೂ ಹೋಗಿ ಮಾಡಿ ಅಂತ ಹಾಡಿನಲ್ಲೇ ಕರೆಕೊಟ್ಟರು. ಅವರನ್ನು ನೋಡಿ ಸ್ಕ್ರಿಟಿ ಪೊಲಿಟಿ ಎಂಬ ಬ್ಯಾಂಡ್ ಮುಂದೆ ಬಂತು. 1978ರ ತಮ್ಮ ಮೊದಲ ರೆಕಾರ್ಡಿನ ಕವರ್ ಮೇಲೆ ಅವರು ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿದರು: ಸ್ಟುಡಿಯೋಗೆ ಎಷ್ಟು, ಅಚ್ಚಿಗೆ ಎಷ್ಟು, ಲೇಬಲ್ ಚೀಟಿಗೆ ಎಷ್ಟು.