ಕನ್ನಡದಲ್ಲಿ ಬೈದ್ರೆ ರಿಪೋರ್ಟ್ ಹೊಡೆದು ಏನಾದ್ರೂ ಉಪಯೋಗ ಐತಾ?

ಪ್ರಶ್ನೆ: ಅಣ್ಣಾ, ನಾನು ದಾವಣಗೆರೆ ನಿಟುವಳ್ಳಿ ಹುಡುಗ, ಡಿಪ್ಲೊಮಾ ಓದ್ತಿದೀನಿ. ಬಿಜಿಎಮ್‌ಐ ಅನ್ನೋ ಮೊಬೈಲ್ ಶೂಟಿಂಗ್ ಗೇಮ್‌ಲಿ ರ‍್ಯಾಂಡಮ್ ಸ್ಕ್ವಾಡ್‌ಗೆ, ಅಂದ್ರೆ ಗುರುತಿಲ್ದೋರ ಟೀಮ್‌ಗೆ, ಹೋದಾಗೆಲ್ಲ ಯಾವನಾದ್ರೂ ಒಬ್ಬ ಮೈಕ್ ಆನ್ ಮಾಡ್ಕೊಂಡು ಅವ್ವ ಅಕ್ಕ ಅಂತ ಶುರು ಹಚ್ಕೋತಾನೆ. ನಾನು ರಿಪೋರ್ಟ್ ಹೊಡೀತೀನಿ. ಫ್ರೆಂಡ್ಸ್ ಮಾತ್ರ, ಕನ್ನಡದಲ್ಲಿ ಬೈದಿದ್ದು ಕಂಪನಿಯೋರಿಗೆ ಎಲ್ಲಿ ತಿಳಿಯುತ್ತೆ, ಸುಮ್ನೆ ಬಟನ್ ಒತ್ತಿ ಬೆರಳು ಸವೆಸ್ಕೋತೀಯ ಅಂತ ನಗ್ತಾರೆ. ನಿಜವಾಗ್ಲೂ ಏನಾದ್ರೂ ಆಗುತ್ತಾ?

ಉತ್ತರ: ಆಗುತ್ತೆ ತಮ್ಮಾ. ಆದ್ರೆ ನೀನು ಒತ್ತಿದ ಬಟನ್ ಜೊತೆ ಅಲ್ಲಿಗೆ ಏನು ಹೋಯ್ತು ಅನ್ನೋದ್ರ ಮೇಲೆ ಐತೆ ಎಲ್ಲ. ನಿನ್ನ ಫ್ರೆಂಡ್ಸ್ ಹೇಳಿದ್ರಾಗೆ ಅರ್ಧ ಸತ್ಯ ಐತೆ, ಇನ್ನರ್ಧ ಅವ್ರಿಗೆ ಗೊತ್ತಿಲ್ಲ ಅಷ್ಟೇ.

ಮೊದ್ಲು ಸತ್ಯ ಇರೋ ಅರ್ಧ ನೋಡೋಣ. ಎಲ್ಲಾ ಗೇಮ್‌ಗೂ ಕಿವಿ ಇರಲ್ಲ. ಕೆಲವು ಕಡೆ ಐತೆ. ಟಿವಿಗೆ ಹಚ್ಚಿ ಆಡೋ ಪಿಎಸ್5 ಕನ್ಸೋಲ್‌ನಲ್ಲಿ ವಾಯ್ಸ್ ಚಾಟ್‌ನ ಕೊನೇ 5 ನಿಮಿಷ ಕನ್ಸೋಲ್ ಒಳಗೇ ಉಳ್ಕೊಂಡಿರುತ್ತೆ, ರಿಪೋರ್ಟ್ ಮಾಡುವಾಗ ಅದ್ರಿಂದ 40 ಸೆಕೆಂಡ್ ತನಕ ಕಟ್ ಮಾಡಿ ಕಳಿಸ್ಬೋದು. ಇನ್ನೊಂದು ಕನ್ಸೋಲ್ ಎಕ್ಸ್‌ಬಾಕ್ಸ್‌ನೋರು 2023ರ ಜುಲೈನಲ್ಲಿ 60 ಸೆಕೆಂಡ್ ಕ್ಲಿಪ್ ಇಟ್ಕೊಳ್ಳೋ ವ್ಯವಸ್ಥೆ ತಂದ್ರು, ಫೋರ್ಟ್‌ನೈಟ್ ಗೇಮ್‌ನೋರು ಅದೇ ವರ್ಷ ಕೊನೇಲಿ 5 ನಿಮಿಷದ್ದು ತಂದ್ರು. ಇಂಥ ಕಡೆ ಬೈದವನ ದನೀನೇ ರಿಪೋರ್ಟ್ ಜೊತೆ ಹೋಗುತ್ತೆ, ಆಮೇಲೆ ನಾನ್ ಹಂಗೆ ಅಂದೇ ಇಲ್ಲ ಅನ್ನೋಕೆ ದಾರಿ ಇರಲ್ಲ. ಆದ್ರೆ ನಮ್ಮೂರ ಹುಡುಗ್ರು ಕೈಯಾಗಿರೋದು ಮೊಬೈಲು. ಅಲ್ಲಿ ರಿಪೋರ್ಟ್ ಅಂದ್ರೆ ನಿನಗೆ ಕಾಣೋದು ಒಂದು ಪ್ಲೇಯರ್ ಹೆಸರು, ಒಂದು ಕಾರಣಕ್ಕೆ ಟಿಕ್, ಬರೆಯೋಕೆ ಸಣ್ಣ ಜಾಗ, ಮುಗೀತು.

ಭಾಷೆ ವಿಷಯಕ್ಕೆ ಬಂದ್ರೆ, ಟೈಪ್ ಮಾಡಿ ಬೈದಿದ್ದನ್ನ ಹಿಡಿಯೋದು ಫಿಲ್ಟರ್, ಅದ್ರಾಗೆ ಪದಗಳ ಪಟ್ಟಿ ಇರುತ್ತೆ. ನಮ್ಮೋರು ಕನ್ನಡ ಬೈಗುಳನ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ತರ ಸ್ಪೆಲಿಂಗ್ ಹಾಕಿ, ಮಧ್ಯೆ ಒಂದು ಸೊನ್ನೆ, ಒಂದು ಸ್ಟಾರ್ ತುರುಕಿ ಬರೀತಾರೆ, ಫಿಲ್ಟರ್ ಬಾಯಿ ಬಿಟ್ಕೊಂಡು ನೋಡುತ್ತೆ. ವಾಯ್ಸ್ ಅಂತೂ ಇನ್ನೂ ದೂರ. ರಯಟ್ ಗೇಮ್ಸ್‌ನೋರು 2022ರ ಜುಲೈನಲ್ಲಿ ವ್ಯಾಲೊರಂಟ್ ಅನ್ನೋ ತಮ್ಮ ಶೂಟಿಂಗ್ ಗೇಮ್‌ನ ವಾಯ್ಸ್ ಚಾಟ್ ರಿಕಾರ್ಡ್ ಮಾಡಿ ತಮ್ಮ ಸಿಸ್ಟಮ್‌ಗೆ ಕಲ್ಸೋಕೆ ಶುರು ಮಾಡಿದ್ದು ಉತ್ತರ ಅಮೆರಿಕದ ಇಂಗ್ಲಿಷ್‌ನಿಂದ. ಕಾಲ್ ಆಫ್ ಡ್ಯೂಟಿ ಗೇಮ್‌ಗೆ 2023ರಲ್ಲಿ ಟಾಕ್ಸ್‌ಮಾಡ್ ಅಂತ ಮಾತು ಕೇಳೋ ಎಐ ಹಾಕಿದ್ರಲ್ಲ, ಅದೂ ಇಂಗ್ಲಿಷ್‌ನಿಂದಲೇ ಶುರು, ಆಮೇಲೆ ಸ್ಪ್ಯಾನಿಷ್, ಪೋರ್ಚುಗೀಸ್. ಕನ್ನಡ ಆ ಕ್ಯೂನಲ್ಲಿ ತೀರಾ ಹಿಂದೆ ನಿಂತೈತೆ, ಅದೂ ದಾವಣಗೆರೆ ಕನ್ನಡ, ಅರ್ಧ ಹಿಂದಿ ಬೆರೆಸಿ ಸ್ಪೀಡಾಗಿ ಕೂಗೋ ಕನ್ನಡ. ಅಲ್ದೆ ದೋಸ್ತ್‌ಗಳ ನಡುವೆ ಪ್ರೀತಿಯಿಂದ ಅನ್ನೋದೂ ಅದೇ ಬೈಗುಳ, ಜಗಳಕ್ಕೆ ಬಿದ್ದು ಅನ್ನೋದೂ ಅದೇ, ಪಕ್ಕದಲ್ಲಿ ಕೂತ ಮನುಷ್ಯನಿಗೇ ಒಮ್ಮೊಮ್ಮೆ ಗೊತ್ತಾಗಲ್ಲ, ಮೆಷಿನ್‌ಗೆ ಎಲ್ಲಿಂದ ಗೊತ್ತಾಗ್ಬೇಕು.

ಈಗ ಅವ್ರಿಗೆ ಗೊತ್ತಿಲ್ದಿರೋ ಅರ್ಧ. ಎಲ್ಲಾ ಸಿಸ್ಟಮ್ಮೂ ಮಾತು ಕೇಳಿಸ್ಕೊಂಡು ತೀರ್ಪು ಕೊಡಲ್ಲ, ಕೆಲವು ಬರೀ ಲೆಕ್ಕ ಹಾಕ್ತಾವೆ. ವಾಲ್ವ್ ಕಂಪನಿ 2020ರ ಫೆಬ್ರವರಿಲಿ ತನ್ನ ಸಿಎಸ್ ಗೋ ಅನ್ನೋ ಶೂಟಿಂಗ್ ಗೇಮ್‌ಗೆ ಒಂದು ಅಪ್‌ಡೇಟ್ ಕೊಡ್ತು, ಒಬ್ಬ ಆಟಗಾರನ ಮೇಲೆ ಬೇರೆಯೋರಿಗಿಂತ ತುಂಬಾ ಜಾಸ್ತಿ ಬೈಗುಳದ ರಿಪೋರ್ಟ್ ಬಂದ್ರೆ ಮೊದ್ಲು ಒಂದು ಎಚ್ಚರಿಕೆ, ಆಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಅವನ ಮೈಕು ಎಲ್ರಿಗೂ ತಾನಾಗೇ ಮ್ಯೂಟ್. ಆಡಿ ಆಡಿ ಎಕ್ಸ್‌ಪಿ ಅನ್ನೋ ಪಾಯಿಂಟ್ ಗಳಿಸಿ ಆ ಶಿಕ್ಷೆ ಕಳ್ಕೋಬೇಕಿತ್ತು. ಅದೇ ಕಂಪನಿಯ ಡೋಟಾ 2 ಗೇಮ್‌ನಲ್ಲೂ ನಡತೆಗೆ ಒಂದು ಸ್ಕೋರ್, ಮಾತಿಗೆ ಒಂದು ಸ್ಕೋರ್ ಐತೆ, ರಿಪೋರ್ಟ್ ಬಿದ್ದಂಗೆ ಇಳಿಯುತ್ತೆ, ತೀರಾ ಇಳಿದ್ರೆ ಚಾಟ್, ವಾಯ್ಸ್ ಎಲ್ಲ ಬಂದ್. ಇಲ್ಲಿ ಅವನು ಕನ್ನಡದಲ್ಲಿ ಬೈದ್ನೋ ತುಳುನಲ್ಲಿ ಬೈದ್ನೋ ಅದು ಲೆಕ್ಕಕ್ಕೇ ಬರಲ್ಲ. ಇಂಥ ಕಡೆ ನಿನ್ನ ಒಂದು ರಿಪೋರ್ಟ್ ಅವನ ಖಾತೆಗೆ ಬಿದ್ದ ಒಂದು ಕಲ್ಲು, ನಾಳೆ ಇನ್ಯಾವನೋ ಒಬ್ಬ ಇನ್ನೊಂದು ಹಾಕ್ತಾನೆ.

ಅದಕ್ಕೇ ನನಗೆ ಬೈಯೋನಿಗಿಂತ ಸುಮ್ನೆ ಕೂರೋ ಮಿಕ್ಕಿದ ಟೀಮ್‌ಮೇಟ್‌ಗಳ ಮೇಲೇ ಸಿಟ್ಟು ಜಾಸ್ತಿ. ವಿದ್ಯಾನಗರದ ಕಡೆ ಒಂದು ಗೇಮಿಂಗ್ ಕೆಫೆಲಿ ನೋಡಿದ್ದು ಹೇಳ್ತೀನಿ, ಐದು ಹುಡುಗ್ರು ಸಾಲಾಗಿ ಕೂತು ವ್ಯಾಲೊರಂಟ್ ಆಡ್ತಿದ್ರು, ಎದುರು ಟೀಮ್‌ನೋನು ಎರಡೂ ಟೀಮ್‌ಗೆ ಕಾಣೋ ಆಲ್ ಚಾಟ್‌ನಲ್ಲಿ ಇವ್ರಲ್ಲಿ ಒಬ್ಬನ ಜಾತಿ ಎತ್ತಿ ಏನೇನೋ ಬರೀತಿದ್ದ, ಆ ಹುಡುಗ ಹೆಡ್‌ಸೆಟ್ ತೆಗೆದು ಕೊರಳಿಗೆ ಹಾಕ್ಕೊಂಡು ಸ್ಕ್ರೀನ್ ನೋಡ್ತಾ ಕೂತ್ಬಿಟ್ಟ, ಪಕ್ಕದೋನು ಬಿಡಲೇ ಮ್ಯಾಚ್ ಗೆಲ್ಲೋಣ ಅಂದ. ಗೆದ್ರು ಕೂಡ. ರಿಸಲ್ಟ್ ಸ್ಕ್ರೀನ್ ಬಂತು, ನಾಲ್ಕು ಜನ ಎಂಟರ್ ಹೊಡೆದು ಮುಂದಿನ ಮ್ಯಾಚ್‌ಗೆ ಹೋದ್ರು, ರಿಪೋರ್ಟ್ ಹಾಕಿದ್ದು ಬೈಸ್ಕೊಂಡ ಹುಡುಗ ಒಬ್ನೇ. ಐದೂ ಜನ ಹಾಕೋಕೆ ಎಷ್ಟೊತ್ತು ಬೇಕಿತ್ತು ಹೇಳು, ಬೆಣ್ಣೆ ದೋಸೆ ಹೆಂಚಿನ ಮೇಲೆ ತಿರುವಿ ಹಾಕೋಷ್ಟು ಹೊತ್ತೂ ಬೇಡ.

ಆಟಗಾರರೇ ಜಡ್ಜ್ ಆಗೋ ಪ್ರಯೋಗಾನೂ ಆಗೈತೆ ಅನ್ನು. ಲೀಗ್ ಆಫ್ ಲೆಜೆಂಡ್ಸ್ ಗೇಮ್‌ನಲ್ಲಿ 2011ರಿಂದ 2014ರ ತನಕ ಟ್ರಿಬ್ಯುನಲ್ ಅಂತ ಇತ್ತು, ರಿಪೋರ್ಟ್ ಆದ ಮ್ಯಾಚ್‌ನ ಚಾಟ್ ಓದಿ ಬೇರೆ ಆಟಗಾರರು ತಪ್ಪು, ತಪ್ಪಲ್ಲ ಅಂತ ಓಟ್ ಹಾಕ್ತಿದ್ರು. ನಿಧಾನ ಅಂತ ನಿಂತೋಯ್ತು. ಕನ್ನಡ ಬಲ್ಲ ನಾಲ್ಕು ಜನ ಕೂತು ನೋಡೋ ಅಂಥದ್ದೊಂದು ಇವತ್ತು ಇದ್ದಿದ್ರೆ ನಮ್ಮ ಅರ್ಧ ತಲೆನೋವು ಹೋಗಿರೋದು ಅಂತ ನನಗೆ ಅನ್ಸುತ್ತೆ, ಇರ್ಲಿ.

ಈಗ ನೀನು ಏನು ಮಾಡ್ಬೇಕು ಅಂತ. ಮೊದಲು ಕಾರಣ ಸರಿ ಆರ್ಸು. ಬೈದಿದ್ದಕ್ಕೆ ಸಿಟ್ಟು ಬಂದು ಹ್ಯಾಕ್, ಚೀಟಿಂಗ್, ಟೀಮಿಂಗ್ (ಎದುರು ಟೀಮ್ ಜೊತೆ ಕೈ ಜೋಡಿಸೋದು) ಎಲ್ಲಕ್ಕೂ ಟಿಕ್ ಹೊಡೆಯೋರೇ ಜಾಸ್ತಿ, ಹ್ಯಾಕ್ ಅಂತ ಹೋದ್ರೆ ಅವ್ರು ನೋಡೋದು ಗುರಿ, ಡ್ಯಾಮೇಜು, ಓಡಿದ ಸ್ಪೀಡು, ಬೈಗುಳ ಅಲ್ಲಿ ಎಲ್ಲೂ ಕಾಣಲ್ಲ. ಆಮೇಲೆ ಬರೆಯೋಕೆ ಜಾಗ ಇದ್ರೆ ಖಾಲಿ ಬಿಡ್ಬೇಡ. "ಹಿ ಈಸ್ ಬ್ಯಾಡ್ ಬಾಯ್" ಅಂತ ಬರೆದ್ರೆ ಓದೋನಿಗೆ ಏನೂ ಸಿಗಲ್ಲ. ಬದ್ಲಿಗೆ ಹಿಂಗೆ ಬರಿ: 3ನೇ ನಂಬರ್ ಆಟಗಾರ, ಮ್ಯಾಪ್‌ನ ಪೋಚಿಂಕಿ ಊರಲ್ಲಿ ಇಳಿದ ಮೇಲೆ ಸುಮಾರು 6ನೇ ನಿಮಿಷದಲ್ಲಿ, ಟೀಮ್ ವಾಯ್ಸ್‌ನಲ್ಲಿ, ಕನ್ನಡ ಭಾಷೆಯಲ್ಲಿ, ನನ್ನ ತಾಯಿ ಬಗ್ಗೆ ಲೈಂಗಿಕವಾಗಿ ಬೈದ, ರಿಕಾರ್ಡಿಂಗ್ ಐತೆ. ಇದನ್ನ ಇಂಗ್ಲಿಷ್‌ನಲ್ಲಿ ಹಾಕು, ಕನ್ನಡ ಬೈಗುಳ ಅಂದ್ರೆ ಏನು ಅರ್ಥ ಅಂತಾನೂ ಅದ್ರಾಗೇ ಬರಿ, ನಾಚ್ಕೋಬೇಡ. ಮತ್ತೆ ಹೆಸರು ನಂಬ್ಕೋಬೇಡ, ರೀನೇಮ್ ಕಾರ್ಡ್ ಹಾಕಿ ನಾಳೆ ಬದಲಾಯಿಸ್ತಾನೆ. ಪ್ರೊಫೈಲ್ ಒಳಗಿರೋ ನಂಬರ್ ಐಡಿ ಬದಲಾಗಲ್ಲ, ಅದನ್ನ ಕಾಪಿ ಮಾಡಿ ಇಟ್ಕೋ.

ರಿಕಾರ್ಡಿಂಗ್‌ನಾಗೆ ಒಂದು ತೊಡಕು ಐತೆ, ತುಂಬಾ ಜನ ಇಲ್ಲೇ ಎಡವೋದು. ಆಂಡ್ರಾಯ್ಡ್ ಫೋನ್‌ನ ಸ್ಕ್ರೀನ್ ರಿಕಾರ್ಡರ್‌ನಲ್ಲಿ ಗೇಮ್ ಸೌಂಡ್ ಬರುತ್ತೆ, ಗುಂಡಿನ ಸದ್ದು ಬರುತ್ತೆ, ಎದುರಿನೋನ ಮಾತು ಮಾತ್ರ ಬರ್ದೇ ಇರ್ಬೋದು, ಯಾಕಂದ್ರೆ ಕಾಲ್ ತರದ ಮಾತನ್ನ ಬೇರೆ ಆ್ಯಪ್ ರಿಕಾರ್ಡ್ ಮಾಡ್ದಂಗೆ ಆಂಡ್ರಾಯ್ಡೇ ತಡೆಯುತ್ತೆ. ಸುಲಭದ ದಾರಿ ಅಂದ್ರೆ ಇಯರ್‌ಫೋನ್ ಕಿತ್ತು, ನಿನ್ನ ಮೈಕ್ ಆಫ್ ಮಾಡಿ, ಸ್ಪೀಕರ್‌ನಲ್ಲಿ ಹಾಕಿ, ಇನ್ನೊಂದು ಫೋನ್‌ನಲ್ಲಿ ಸ್ಕ್ರೀನ್ ಸಮೇತ ವಿಡಿಯೋ ತೆಗೆ, ಅವನು ಮಾತಾಡುವಾಗ ಹೆಸರ ಪಕ್ಕ ಮೈಕ್ ಗುರುತು ಮಿನುಗೋದೂ ಅದ್ರಾಗೆ ಬರ್ಲಿ. ಪಿಸಿಲಿ ಈ ಕಷ್ಟ ಇಲ್ಲ, ಓಬಿಎಸ್ ಅನ್ನೋ ರಿಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದ್ರೆ ಎಲ್ಲಾ ಸಿಗುತ್ತೆ. ವ್ಯಾಲೊರಂಟ್ ಆಡೋರಿಗೆ ಇನ್ನೊಂದು ಸೌಲಭ್ಯ ಐತೆ, ಸೆಟ್ಟಿಂಗ್ಸ್‌ನಲ್ಲಿ ಮ್ಯೂಟೆಡ್ ವರ್ಡ್ಸ್ ಪಟ್ಟಿ, ಕನ್ನಡ ಬೈಗುಳಗಳನ್ನ ಇಂಗ್ಲಿಷ್ ಅಕ್ಷರದಲ್ಲಿ ನೀನೇ ತುಂಬಿಸ್ಬೋದು, ಚಾಟ್‌ನಲ್ಲಿ ಕಾಣಲ್ಲ.

ಎಲ್ಲಾದಕ್ಕೂ ರಿಪೋರ್ಟ್ ಹಾಕ್ಬೇಡ ಮಾರಾಯ. ಆಡಾಕೆ ಬರಲ್ಲ ನಿನಗೆ, ಮನೆಗೆ ಹೋಗಿ ಮಂಡಕ್ಕಿ ತಿನ್ನು ಹೋಗು ಅಂದ್ರೆ ಅದು ಕೀಟಲೆ, ತಡ್ಕೋ ಇಲ್ಲ ಮ್ಯೂಟ್ ಮಾಡು. ತಾಯಿ ತಂಗಿ, ಜಾತಿ, ಧರ್ಮ, ಹುಡುಗಿ ಅಂತ ಗೊತ್ತಾದ ತಕ್ಷಣ ಅಸಹ್ಯವಾಗಿ ಮಾತಾಡೋದು, ಮನೆ ಹುಡುಕ್ಕೊಂಡು ಬರ್ತೀನಿ ಅನ್ನೋದು, ಇವು ಬೇರೆ. ಮ್ಯೂಟ್ ಮಾಡೋದು ಸೋತಂಗೆ ಅಂತ ಕೆಲವ್ರು ಅಂತಾರೆ, ನನಗಂತೂ ಹಂಗೆ ಅನ್ಸಿಲ್ಲ. ರಿಕಾರ್ಡ್ ಆಗೋಷ್ಟು ಕೇಳ್ಸ್ಕೊಂಡು ಮ್ಯೂಟ್ ಮಾಡು, ಮ್ಯಾಚ್ ಮುಗಿದ ಮೇಲೆ ರಿಪೋರ್ಟ್ ಮಾಡು.

ಬೆದರಿಕೆ, ಲೈಂಗಿಕ ಮಾತಿನ ತನಕ ಹೋದ್ರೆ ಅದು ಕಂಪನಿ ಕೈ ಮೀರಿದ ವಿಷಯ. ಇನ್ನೂ ಐಟಿ ಕಾಯ್ದೆಯ 66ಎ ಕೇಸ್ ಹಾಕ್ತೀನಿ ಅನ್ನೋರು ಅದಾರೆ, ಆ ಸೆಕ್ಷನ್‌ನ ಸುಪ್ರೀಂ ಕೋರ್ಟು 2015ರ ಮಾರ್ಚ್ 24ಕ್ಕೇ ರದ್ದು ಮಾಡೈತೆ. ಈಗಿರೋದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರೋ ಮಾತಿಗೆ 79ನೇ ಸೆಕ್ಷನ್, ಬೆದರಿಕೆಗೆ 351, ಹೆಸರು ಮುಚ್ಚಿಟ್ಟು ಬೆದರ್ಸಿದ್ರೆ ಅದೇ 351ರಲ್ಲಿ ಶಿಕ್ಷೆ ಇನ್ನೂ ಜಾಸ್ತಿ. ದಲಿತರನ್ನ ಜಾತಿ ಹಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆನೂ ಐತೆ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕ್ಬೋದು, ಇಲ್ಲ ದಾವಣಗೆರೆ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೇ ಹೋಗ್ಬೋದು, ಚಿತ್ರದುರ್ಗದೋರಿಗೆ ಅಲ್ಲೂ ಸಿಇಎನ್ ಠಾಣೆ ಐತೆ. ಹೋಗುವಾಗ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಕ್ಲಿಪ್ ಅಲ್ಲ, ರಿಕಾರ್ಡ್ ಮಾಡಿದ ಫೋನೇ ತಗೊಂಡು ಹೋಗು, ಒರಿಜಿನಲ್ ಫೈಲ್ ಅಳಿಸ್ಬೇಡ. ಬೈಸ್ಕೊಂಡಿರೋದು ಚಿಕ್ಕ ಮಕ್ಕಳಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡ್ಬೋದು.

ನಾನೇ ರಿಪೋರ್ಟ್ ಮಾಡಿದ್ದು ಅಂತ ಅವನಿಗೆ ಗೊತ್ತಾಗುತ್ತಾ ಅಂತ ನೀನು ಕೇಳಿಲ್ಲ, ಆದ್ರೆ ಎಲ್ರೂ ಕೊನೆಗೆ ಕೇಳೋದು ಅದೇ. ಕಂಪನಿ ನಿನ್ನ ಹೆಸರು ಹೇಳಲ್ಲ, ನೀನೇ ಚಾಟ್‌ನಲ್ಲಿ "ರಿಪೋರ್ಟೆಡ್" ಅಂತ ಬರೆದ್ರೆ ಮಾತ್ರ ಗೊತ್ತಾಗುತ್ತೆ, ಸೋ ಅದನ್ನ ಬರೀಬೇಡ. ಆಮೇಲೆ ಅವನಿಂದ ಫ್ರೆಂಡ್ ರಿಕ್ವೆಸ್ಟ್ ಬಂದ್ರೆ, ಇನ್‌ಸ್ಟಾದಲ್ಲಿ ಹುಡುಕಿ ಮೆಸೇಜ್ ಹಾಕಿದ್ರೆ, ಉತ್ತರ ಕೊಡೋಕೆ ಹೋಗ್ದೆ ಸ್ಕ್ರೀನ್‌ಶಾಟ್ ತಗೊಂಡು ಬ್ಲಾಕ್ ಮಾಡು.