‘ದೇವರ ಜೀನ್’ ಮತ್ತು ಸರ್ಪಗಂಧದ ಬೇರು

‘ದೇವರ ಜೀನ್’ ಅಂದ ತಕ್ಷಣ ಭಕ್ತಿಗೂ ಮೈಯೊಳಗೆ ಎಲ್ಲೋ ಒಂದು ಸ್ವಿಚ್ ಇದೆ ಅನ್ನಿಸಿಬಿಡುತ್ತದೆ. ಹೆಸರು ಪಕ್ಕಕ್ಕಿರಲಿ, ಅಳೆದದ್ದು ಏನನ್ನು ಅಂತ ನೋಡೋಣ.

ಆಧ್ಯಾತ್ಮಿಕ ಒಲವಿನಲ್ಲಿ ಒಂದು ಜೀನ್‌ನ ಕೈಯಿದೆ ಅಂತ 2004ರಲ್ಲಿ ವಾದ ಮುಂದಿಟ್ಟವರು ಅಮೆರಿಕದ ತಳಿವಿಜ್ಞಾನಿ ಡೀನ್ ಹ್ಯಾಮರ್. ಅವರ ಕೈಯಲ್ಲಿದ್ದದ್ದು ಮನೋವೈದ್ಯ ರಾಬರ್ಟ್ ಕ್ಲೋನಿಂಜರ್ ಮಾಡಿದ ಪ್ರಶ್ನಾವಳಿಯ ಅಂಕಗಳು. ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದಿರುವುದು, ಸುತ್ತಲಿನ ಎಲ್ಲದರ ಜೊತೆ ತಾನೂ ಒಂದಾದಂತೆ ಅನ್ನಿಸುವುದು, ಇಂಥವು ಅದರಲ್ಲಿವೆ. ದೇವಸ್ಥಾನಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ಅಲ್ಲ. ನಾಸ್ತಿಕರಿಗೂ ಇಲ್ಲಿ ಜಾಸ್ತಿ ಅಂಕ ಬರಬಹುದು!

ಜೀನ್‌ನ ಹೆಸರು ವಿಮ್ಯಾಟ್2. ನರಕೋಶದೊಳಗೆ ಡೋಪಮೈನ್, ಸೆರೊಟೋನಿನ್‌ನಂಥ ಸಂದೇಶ ಒಯ್ಯುವ ರಾಸಾಯನಿಕಗಳನ್ನು ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನನ್ನು ಇದು ತಯಾರಿಸುತ್ತದೆ. ಆ ಪ್ರೋಟೀನನ್ನು ಗೋದಾಮಿನ ಹಮಾಲಿ ಅಂದುಕೊಳ್ಳಿ. ಜೀನ್‌ನ ಒಂದು ಜಾಗದಲ್ಲಿ ‘ಎ’ ಅನ್ನೋ ಡಿಎನ್‌ಎ ಅಕ್ಷರದ ಬದಲು ‘ಸಿ’ ಇದ್ದವರಿಗೆ ಅಂಕ ತುಸು ಹೆಚ್ಚು. ತುಸು ಅಂದರೆ? ಜನರ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ. 1ಕ್ಕಿಂತ ಕಡಿಮೆ ಪಾಲು, ಅಷ್ಟೇ.

ಮಜಾ ಏನೆಂದರೆ, ಈ ಹಮಾಲಿಯ ಕೈ ಕಟ್ಟುವ ಔಷಧ ನಮ್ಮ ನೆಲದ ಗಿಡದ್ದೇ. ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಅಂತ 1949ರಲ್ಲಿ ಮುಂಬೈಯ ಡಾ. ರುಸ್ತೊಮ್ ಜಾಲ್ ವಕೀಲ್ ಬರೆದರು. 1952ರಲ್ಲಿ ಬೇರೆ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಅನ್ನೋ ಔಷಧ ಬೇರ್ಪಡಿಸಿದರು. ಅದು ಸೇರಿದರೆ ಚೀಲ ತುಂಬುವ ಕೆಲಸವೇ ನಿಲ್ಲುತ್ತದೆ. ಜೀನ್ ನಿಜಕ್ಕೂ ದೇವರದ್ದಾಗಿದ್ದರೆ ಆ ಮಾತ್ರೆ ನುಂಗಿದ ಅಜ್ಜಂದಿರೆಲ್ಲ ಭಜನೆಯಲ್ಲಿ ಮೈಮರೆಯುವುದನ್ನೇ ಬಿಡಬೇಕಿತ್ತು, ಅಲ್ವಾ? ಪುರಾವೆ ಅಲ್ಲ, ಸುಮ್ನೆ ನನ್ನ ಕುಚೋದ್ಯ.

ಹಾಗಂತ ಹುಟ್ಟಿನಿಂದ ಏನೂ ಬರುವುದಿಲ್ಲ ಅಂತಲ್ಲ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಅವಳಿಗಳ ಮೇಲೆ ಇದೇ ಮಾಪನ ಹಾಕಿ ನೋಡಿದ 1999ರ ಅಧ್ಯಯನದಲ್ಲಿ ಆನುವಂಶಿಕತೆ ಶೇ. 40ರ ಆಸುಪಾಸು ಬಂತು. ಎಡವುವುದು ಇಲ್ಲೇ. ನಿಮ್ಮ ಭಕ್ತಿಯಲ್ಲಿ ಶೇ. 40 ಅಪ್ಪ ಅಮ್ಮ ಕೊಟ್ಟದ್ದು ಅಂತ ಇದರ ಅರ್ಥ ಅಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನುಗಳೆಲ್ಲ ಸೇರಿ ಹೊರುವ ಪಾಲು ಅದು.

ಜೀನ್ ಆಯಿತು, ಇನ್ನು ದೈವಾನುಭವಕ್ಕೂ ರಾಸಾಯನಿಕಕ್ಕೂ ಇರುವ ನಂಟು. 1962ರ ಗುಡ್ ಫ್ರೈಡೇ ದಿನ ಬಾಸ್ಟನ್‌ನ ಮಾರ್ಷ್ ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರದಲ್ಲಿ ಸಂಶೋಧಕ ವಾಲ್ಟರ್ ಪಾಂಕೆ 20 ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಸೇರಿಸಿದರು. ಅರ್ಧ ಜನಕ್ಕೆ ಕೆಲವು ಅಣಬೆಗಳಲ್ಲಿರುವ, ಮನಸ್ಸಿನ ಅರಿವನ್ನೇ ಬದಲಿಸುವ ಸೈಲೊಸಿಬಿನ್, ಉಳಿದವರಿಗೆ ನಯಾಸಿನ್ ಅನ್ನೋ ವಿಟಮಿನ್. ನಯಾಸಿನ್ ತಿಂದರೆ ಮುಖ ಕೆಂಪಾಗಿ ಮೈ ಬಿಸಿಯಾಗುತ್ತದೆ. ಯಾರಿಗೆ ಯಾವುದು ಸಿಕ್ಕಿತು ಅಂತ ಗೊತ್ತಾಗಬಾರದು, ಅದಕ್ಕೇ ಈ ಉಪಾಯ. ಆದರೆ ಗುಟ್ಟು ಬೇಗ ಒಡೆಯಿತು. ಸೈಲೊಸಿಬಿನ್ ತೆಗೆದುಕೊಂಡ ಬಹುತೇಕರು ಗಾಢವಾದ ದೈವಾನುಭವ ಹೇಳಿಕೊಂಡರು. ನರಕೋಶದ ಮೇಲೆ ಸೆರೊಟೋನಿನ್ ಬಂದು ಕೂರುವ ಒಂದು ಜಾಗಕ್ಕೆ (ರಿಸೆಪ್ಟರ್) ಈ ಔಷಧ ಅಂಟಿಕೊಳ್ಳುತ್ತದೆ, ಅದು ಖಚಿತ. ಆದರೆ ಅದು ಚರ್ಚು, ದಿನ ಗುಡ್ ಫ್ರೈಡೇ, ಬಂದವರು ಪಾದ್ರಿಯಾಗಲು ಓದುತ್ತಿದ್ದ ಹುಡುಗರು. ಮಾತ್ರೆಯ ಪಾಲು ಎಷ್ಟು, ಪ್ರಾರ್ಥನೆಯ ಪಾಲು ಎಷ್ಟು?

2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಚರ್ಚು ಬಿಟ್ಟು, ಸೋಫಾ ಇರುವ ಕೋಣೆಯಲ್ಲಿ 36 ಜನರ ಮೇಲೆ ಇದೇ ಸೈಲೊಸಿಬಿನ್‌ನ ಪ್ರಯೋಗವನ್ನು ಹೆಚ್ಚು ಬಿಗಿಯಾಗಿ ಮಾಡಿದರು. ಎರಡು ತಿಂಗಳ ನಂತರವೂ ಮೂರರಲ್ಲಿ ಎರಡು ಪಾಲು ಜನ ಅದನ್ನು ಬದುಕಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಸೇರಿಸಿದರು. ಅವರೂ ಮೊದಲೇ ಪ್ರಾರ್ಥನೆಯೋ ಧ್ಯಾನವೋ ಅಷ್ಟಿಷ್ಟು ರೂಢಿ ಇದ್ದವರೇ.