ಕೈ ಕೆಂಪಾದರೂ ಕಾಣದ ಹೆಮಟೈಟ್

ಪದವಿ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಎಫ್‌ಟಿಐಆರ್ ಉಪಕರಣ (ಅವಕೆಂಪು ಬೆಳಕಿನ ಯಾವ ಭಾಗವನ್ನು ಮಾದರಿ ಹೀರುತ್ತದೆ ಎಂದು ನೋಡಿ ಖನಿಜವನ್ನು ಗುರುತಿಸುವ ಯಂತ್ರ) ಕೊಳ್ಳಲು ಅನುದಾನ ಮಂಜೂರಾದ ಕೂಡಲೇ ಅಧ್ಯಾಪಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಅದರ ರೆಸಲ್ಯೂಷನ್, ಅಂದರೆ ಹತ್ತಿರದ ಎರಡು ಪಟ್ಟಿಗಳನ್ನು ಬೇರೆಯಾಗಿ ತೋರಿಸುವ ಶಕ್ತಿ, ಎಷ್ಟಿರಬೇಕು ಎಂಬುದು. ವಿದ್ಯಾರ್ಥಿಗಳು ಯಾವ ಖನಿಜಗಳ ಮೇಲೆ ಕೆಲಸ ಮಾಡುತ್ತಾರೆ ಎಂದು ನಾನು ವಿಚಾರಿಸಿದರೆ, ಎಲ್ಲದರ ಮೇಲೂ ಎನ್ನುತ್ತಾರೆ. ಖನಿಜದ ಪುಡಿಯ ಹೀರಿಕೆಯ ಪಟ್ಟಿಗಳು ಸಾಮಾನ್ಯವಾಗಿ ಅಗಲವಾಗಿರುವುದರಿಂದ ಪ್ರತಿ ಸೆಂಟಿಮೀಟರಿಗೆ 4ರ ರೆಸಲ್ಯೂಷನ್ (ಮುಂದೆ ಬರುವ ಪಟ್ಟಿಗಳ ಸಂಖ್ಯೆಗಳೂ ಇದೇ ಅಳತೆಯ ತರಂಗಸಂಖ್ಯೆಗಳು) ಧಾರಾಳವಾಗಿ ಸಾಕು; 0.5ರಷ್ಟು ಸೂಕ್ಷ್ಮತೆ ಬೇಕಾಗುವುದು ಅನಿಲಗಳ ಅಧ್ಯಯನಕ್ಕೆ. ಅದಕ್ಕೆ ಸುರಿಯುವ ಹಣ ಇನ್ನೊಂದು ಕಡೆ ಹೋಗಬೇಕಿತ್ತು, ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ತಮ್ಮ ಹೊಸ ಉಪಕರಣ ಕೆಟ್ಟಿದೆ ಎಂದು ನನ್ನನ್ನು ಕರೆಸಿಕೊಂಡರು. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಹೆಮಟೈಟ್ ಎಂಬ ಕಬ್ಬಿಣದ ಖನಿಜವಿರುವ ಸಂಡೂರಿನ ಅದಿರನ್ನು ಅರೆದು, ಜಿಂಕ್ ಸೆಲೆನೈಡ್ ಹರಳಿನ ಎಟಿಆರ್ (ಪುಡಿಯನ್ನು ಹರಳಿಗೆ ಒತ್ತಿ, ಹರಳಿನ ಮೂಲಕ ಬೆಳಕು ಹಾಯಿಸಿ ಅಳೆಯುವ ಜೋಡಣೆ) ಮೇಲೆ ಇಟ್ಟು ರೋಹಿತ (ಸ್ಪೆಕ್ಟ್ರಮ್) ತೆಗೆದಿದ್ದಳು. 798 ಮತ್ತು 779ರ ಬಳಿ ಸ್ಫಟಿಕಶಿಲೆಯ (ಕ್ವಾರ್ಟ್ಜ್) ಜೋಡಿ ಪಟ್ಟಿ ಸ್ಪಷ್ಟವಾಗಿತ್ತು, ಕಬ್ಬಿಣದ ಸುಳಿವೇ ಇರಲಿಲ್ಲ. “ಸರ್, ಕೈಯೆಲ್ಲಾ ಕೆಂಪಾಗಿದೆ, ಆದರೂ ಹೆಮಟೈಟ್ ಯಾಕೆ ಕಾಣ್ತಿಲ್ಲ?” ಎಂದು ಆಕೆ ಬೆರಳು ತೋರಿಸಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ; ಖರೀದಿ ಸಮಿತಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಉಪಕರಣ ಕೆಟ್ಟಿರಲಿಲ್ಲ. ಹೆಮಟೈಟ್‌ನ ಮುಖ್ಯ ಪಟ್ಟಿಗಳು ಪ್ರತಿ ಸೆಂಟಿಮೀಟರಿಗೆ ಸುಮಾರು 540 ಮತ್ತು 470ರ ಆಸುಪಾಸಿನಲ್ಲಿ ಬರುತ್ತವೆ. ಕಣಗಳ ಗಾತ್ರ, ಆಕಾರಗಳಿಗೆ ತಕ್ಕಂತೆ ತುಸು ಅತ್ತಿತ್ತ ಸರಿಯುವುದೂ ಉಂಟು. ಜಿಂಕ್ ಸೆಲೆನೈಡ್ ಹರಳಾದರೋ ಸುಮಾರು 600ರ ಕೆಳಗೆ ಬೆಳಕನ್ನು ಸರಿಯಾಗಿ ಬಿಡುವುದೇ ಇಲ್ಲ. ಕರಪತ್ರದಲ್ಲಿ ಉಪಕರಣದ ವ್ಯಾಪ್ತಿ 350ರವರೆಗೆ ಎಂದು ಅಚ್ಚಾಗಿದ್ದರೂ ಅದು ಪೆಟ್ಟಿಗೆಯ ಮಾತು. ಬೆಳಕು ಬೀಮ್‌ಸ್ಪ್ಲಿಟರ್ (ಬೆಳಕನ್ನು ಎರಡಾಗಿ ಒಡೆಯುವ ಫಲಕ), ಮಾದರಿ ಇಡುವ ಹರಳು, ಡಿಟೆಕ್ಟರ್‌ನ ಕಿಟಕಿ ಎಲ್ಲವನ್ನೂ ದಾಟಿ ಬರಬೇಕು. ಕೆರೆ ಎಷ್ಟೇ ತುಂಬಿದ್ದರೂ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ ನೀರು. ಹರಳನ್ನು ವಜ್ರಕ್ಕೆ ಬದಲಿಸಿದರಾಯಿತು ಎನ್ನುವವರಿಗೂ ಒಂದು ಎಚ್ಚರಿಕೆ: ವಜ್ರದ ಕೆಳಗೆ ಜಿಂಕ್ ಸೆಲೆನೈಡ್ ಮಸೂರವಿದ್ದರೆ ಮಿತಿ ಸುಮಾರು 525ಕ್ಕೆ ನಿಲ್ಲುತ್ತದೆ. ಇಡಿಯಾಗಿ ವಜ್ರದಿಂದಲೇ ಮಾಡಿದ್ದನ್ನು ಕೇಳಿ ಪಡೆಯಬೇಕು.

ವಜ್ರಕ್ಕೆ ಇನ್ನೊಂದು ಕಾರಣವೂ ಇದೆ. ಜಿಂಕ್ ಸೆಲೆನೈಡ್ ಮೆದು. ಮೋಸ್ ಮಾನದಲ್ಲಿ 7ರ ಗಡಸುತನದ ಸ್ಫಟಿಕಶಿಲೆಯ ಪುಡಿಯನ್ನು ಅದರ ಮೇಲೆ ಒತ್ತಿದರೆ ಗೀರು ಬೀಳುತ್ತದೆ. ಆ ಕಾಲೇಜಿನ ಹರಳನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ ಒಂದೇ ಸೆಮಿಸ್ಟರಿನ ಗೀರುಗಳು ಬಲೆಯಂತೆ ಕಂಡವು. ಅದನ್ನು ಆಮ್ಲದಿಂದ ತೊಳೆಯಲು ಮಾತ್ರ ಎಂದೂ ಹೋಗಬಾರದು, ಹೈಡ್ರೋಜನ್ ಸೆಲೆನೈಡ್ ಎಂಬ ವಿಷಾನಿಲ ಹೊರಬರುತ್ತದೆ.

ಹಣ ಸಾಲದಿದ್ದರೆ ಹಳೆಯ ದಾರಿಯೇ ಇದೆ. ಒಂದು ಹೈಡ್ರಾಲಿಕ್ ಪ್ರೆಸ್, 13 ಮಿಲಿಮೀಟರಿನ ಅಚ್ಚು ಮತ್ತು ಅಗೇಟ್ ಕಲ್ಲಿನ ಕಲ್ಬತ್ತು ಕೊಂಡುಕೊಳ್ಳಿ. ಒಂದೆರಡು ಮಿಲಿಗ್ರಾಂ ಖನಿಜವನ್ನು ಸುಮಾರು 200 ಮಿಲಿಗ್ರಾಂ ಒಣ ಪೊಟ್ಯಾಸಿಯಂ ಬ್ರೋಮೈಡ್‌ನೊಂದಿಗೆ ಬೆರೆಸಿ ಬಿಲ್ಲೆ ಒತ್ತಿದರೆ, ಸಾಮಾನ್ಯ ಉಪಕರಣದಲ್ಲೂ 400ರವರೆಗೆ ನೋಡಬಹುದು. ಕಣಗಳು 2 ಮೈಕ್ರಾನಿಗಿಂತ ಸಣ್ಣದಾಗಬೇಕು, ಇಲ್ಲದಿದ್ದರೆ ಬೆಳಕು ಚದುರಿ ಪಟ್ಟಿಗಳ ಆಕಾರ ಕೆಡುತ್ತದೆ. ಹಾಗೆಂದು ಜೇಡಿಮಣ್ಣಿನ ಖನಿಜವಾದ ಕಯೋಲಿನೈಟ್‌ನಂಥದ್ದನ್ನು ಗಂಟೆಗಟ್ಟಲೆ ಅರೆದರೆ ಅದರ ಹರಳಿನ ರಚನೆಯೇ ಹಾಳಾದೀತು. ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು ಗಾಳಿಯ ತೇವ ಹೀರುವುದರಿಂದ, ಬೀಮ್‌ಸ್ಪ್ಲಿಟರ್ ಕೂಡ ಸಾಮಾನ್ಯವಾಗಿ ಇದೇ ಉಪ್ಪಿನದಾದ್ದರಿಂದ, ಮಂಗಳೂರಿನ ಮಳೆಗಾಲದಲ್ಲಿ ಬೀಮ್‌ಸ್ಪ್ಲಿಟರ್ ಮಂಜಾಗದಂತೆ ತೇವಹಾರಿಯನ್ನು ಕಾಲಕಾಲಕ್ಕೆ ಬದಲಿಸುವ ಖರ್ಚೂ ಅಂದಾಜುಪಟ್ಟಿಯಲ್ಲಿ ಇರಲಿ.

ಬಾಗಲಕೋಟೆ ಕಡೆಯ ಸುಣ್ಣಕಲ್ಲು, ಡಾಲಮೈಟ್‌ಗಳನ್ನಷ್ಟೇ ನೋಡುವವರಿಗೆ ಇಷ್ಟು ಚಿಂತೆ ಬೇಕಿಲ್ಲ. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ 712ರಲ್ಲಿ, ಡಾಲಮೈಟ್ 728ರ ಸುಮಾರಿನಲ್ಲಿ ಬೇರೆಬೇರೆಯಾಗಿ ಕಾಣುತ್ತವೆ, ಅಗ್ಗದ ಹರಳೂ ಅಲ್ಲಿಯವರೆಗೆ ತಲುಪುತ್ತದೆ. ಪೈರೈಟ್‌ನಂಥ ಸಲ್ಫೈಡುಗಳ ಕೆಲಸವಿದ್ದರೆ ಎಫ್‌ಟಿಐಆರ್ ಬದಲು ಬೇರೆ ಉಪಕರಣವನ್ನೇ ಯೋಚಿಸುವುದು ಮೇಲು.

ಆದ್ದರಿಂದ ಟೆಂಡರ್ ಕರಡು ಬರೆಯುವ ಮೊದಲೇ ವಿದ್ಯಾರ್ಥಿಗಳ ಚೀಲದಿಂದ ಮೂರು ಮಾದರಿಗಳನ್ನು ಆರಿಸಿ, ಮಾರಾಟಗಾರರ ಕೈಗೆ ಕೊಟ್ಟು, ನೀವು ಕೊಳ್ಳಲಿರುವ ಹರಳಿನ ಮೇಲೆಯೇ ರೋಹಿತ ತೆಗೆಸಿರಿ. ಆ ಹಾಳೆಯ ಬಲ ಅಂಚು 400ಕ್ಕೆ ಮುಗಿಯುತ್ತದೆಯೋ 650ಕ್ಕೋ ಎಂಬುದನ್ನು ನೋಡಿದ ಮೇಲೆ ದರದ ಮಾತಿಗೆ ಕೂತುಕೊಳ್ಳಿ.